ಕಿಲೋ ಲೆಕ್ಕ ಸಾಕು, ಮನುಷ್ಯರ ಲೆಕ್ಕ ಕೇಳಿ: ಕರ್ನಾಟಕದ ಸಂಸದರಿಗೊಂದು ಬಹಿರಂಗ ಪತ್ರ

ಮಾನ್ಯ ಸಂಸದರೇ,

ಲೋಕಸಭೆಗೆ 28, ರಾಜ್ಯಸಭೆಗೆ 12, ಹೀಗೆ ಈ ರಾಜ್ಯದಿಂದ ದೆಹಲಿಗೆ ಹೋದವರು ಒಟ್ಟು 40 ಮಂದಿ. ನಿಮ್ಮ ಪಕ್ಷ ಯಾವುದೆಂದು ನೋಡದೆ, ಎಲ್ಲರನ್ನೂ ಉದ್ದೇಶಿಸಿ ಈ ಪತ್ರ ಬರೆಯುತ್ತಿದ್ದೇನೆ. ನಾನು ಜಿಲ್ಲಾ ನ್ಯಾಯಾಲಯವೊಂದರ ವಕೀಲ. ಕಾನೂನು ಸೇವಾ ಪ್ರಾಧಿಕಾರದ ಪ್ಯಾನಲ್‌ನಲ್ಲಿರುವುದರಿಂದ, ಫೀಸು ಕೊಡಲಾಗದವರ ಕಡತಗಳು ನನ್ನ ಮೇಜಿಗೆ ಬರುತ್ತವೆ. ಅವುಗಳಲ್ಲಿ ಎರಡು ಬಗೆಯ ಕಡತಗಳು ನನ್ನನ್ನು ಹೆಚ್ಚು ಕಾಡಿವೆ. ಒಂದು ಮಾದಕ ವಸ್ತುಗಳ ಕಾಯ್ದೆಯದು, ನಾವು ಎನ್‌ಡಿಪಿಎಸ್ ಕೇಸು ಎನ್ನುತ್ತೇವೆ. ಇನ್ನೊಂದು ವಿದೇಶಿಯರ ಕಾಯ್ದೆಯದು.

ಈ ಎರಡು ಕಾನೂನುಗಳ ಬಗ್ಗೆ ಸಂಸತ್ತಿನಲ್ಲಿ ಕೇಳಿದ ಪ್ರಶ್ನೆಗಳನ್ನೂ ಸಚಿವರು ಕೊಟ್ಟ ಉತ್ತರಗಳನ್ನೂ ಹುಡುಕಿ ಓದುವುದು ನನಗೆ ಅಭ್ಯಾಸವಾಗಿದೆ. ಓದಿದಷ್ಟೂ ಸಂಕಟವಾಗುತ್ತದೆ. ಪ್ರಶ್ನೆಗಳು ಕಡಿಮೆಯಿವೆ ಎಂಬ ಕಾರಣಕ್ಕಲ್ಲ, ಅವು ಬೇಕಾದಷ್ಟಿವೆ. ಆದರೆ ಬಹುಪಾಲು ಪ್ರಶ್ನೆಗಳು ಒಂದೇ ಅಚ್ಚಿನವು: ಕಳೆದ ಮೂರು ವರ್ಷಗಳಲ್ಲಿ ವಶಪಡಿಸಿಕೊಂಡ ಮಾದಕ ವಸ್ತು ಎಷ್ಟು ಕಿಲೋ? ಬಂಧಿತರು ಎಷ್ಟು ಮಂದಿ? ಅಕ್ರಮ ವಲಸಿಗರು ಎಷ್ಟು? ಸರ್ಕಾರ ಕೈಗೊಂಡ ಕ್ರಮಗಳೇನು? ಉತ್ತರವೂ ಸಿದ್ಧವಿರುತ್ತದೆ. ಒಂದು ಕೋಷ್ಟಕ, ನಾಲ್ಕು ಯೋಜನೆಗಳ ಹೆಸರು, ಕೊನೆಗೆ 'ಪೊಲೀಸ್ ಮತ್ತು ಸಾರ್ವಜನಿಕ ಸುವ್ಯವಸ್ಥೆ ರಾಜ್ಯಗಳ ವಿಷಯ' ಎಂಬ ಸಾಲು. ಅಲ್ಲಿಗೆ ಆ ವಿಷಯ ಮುಗಿಯುತ್ತದೆ. ನನ್ನ ಮೇಜಿನ ಮೇಲಿರುವ ಕಡತ ಮಾತ್ರ ಹಾಗೆಯೇ ಉಳಿಯುತ್ತದೆ.

ಕೆಲವು ವರ್ಷಗಳ ಹಿಂದೆ ಒಬ್ಬ ತಾಯಿ ಮಗನ ಎಸ್ಸೆಸ್ಸೆಲ್ಸಿ ಅಂಕಪಟ್ಟಿಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಮಡಿಸಿಕೊಂಡು ನನ್ನ ಬಳಿ ಬಂದಿದ್ದರು. ಅದನ್ನು ತೋರಿಸಿದರೆ ನ್ಯಾಯಾಧೀಶರು ಮಗನನ್ನು ಬಿಟ್ಟಾರು ಎಂಬ ನಂಬಿಕೆ ಅವರದು. ಮಗ ಸರಕು ಸಾಗಿಸುವ ವಾಹನದ ಕ್ಲೀನರ್. ವಾಹನದಲ್ಲಿದ್ದ ಮೂಟೆಗಳಲ್ಲಿ ಗಾಂಜಾ ಸಿಕ್ಕಿತ್ತು, ತೂಕ 20 ಕಿಲೋ ದಾಟಿತ್ತು. ಗಾಂಜಾ 20 ಕಿಲೋ ದಾಟಿದರೆ ಅದು 'ವಾಣಿಜ್ಯ ಪ್ರಮಾಣ'. ಆಗ ಕಾಯ್ದೆಯ 37ನೇ ಸೆಕ್ಷನ್ ಅಡ್ಡ ಬರುತ್ತದೆ. ಆರೋಪಿ ತಪ್ಪಿತಸ್ಥನಲ್ಲ ಎಂದು ನಂಬಲು ಸಕಾರಣಗಳಿವೆ, ಬಿಡುಗಡೆಯಾದರೆ ಮತ್ತೆ ಅಪರಾಧ ಮಾಡಲಾರ ಎಂದು ನ್ಯಾಯಾಲಯಕ್ಕೆ ಮನವರಿಕೆಯಾದರೆ ಮಾತ್ರ ಜಾಮೀನು. ವಿಚಾರಣೆ ಶುರುವಾಗುವ ಮೊದಲೇ ನಿರಪರಾಧಿ ಎಂದು ತೋರಿಸುವುದಾದರೂ ಹೇಗೆ? ಮೂಟೆಯಲ್ಲಿ ಏನಿತ್ತೆಂದು ತನಗೆ ಗೊತ್ತಿರಲಿಲ್ಲ ಎಂದು ಹುಡುಗ ಹೇಳಿದ. ಆದರೆ 35ನೇ ಸೆಕ್ಷನ್ ಪ್ರಕಾರ ಅವನಿಗೆ ಗೊತ್ತಿತ್ತು ಎಂದೇ ಕಾನೂನು ಮೊದಲು ಭಾವಿಸುತ್ತದೆ. ಗೊತ್ತಿರಲಿಲ್ಲವೆಂದು ಸಾಬೀತು ಮಾಡುವ ಹೊರೆ ಅವನದೇ. ಮೂರು ವರ್ಷ ಒಳಗಿದ್ದು ಅವನು ಖುಲಾಸೆಯಾದ. ಆ ತೀರ್ಪು ಬರುವಷ್ಟರಲ್ಲಿ ತಾಯಿ ಇದ್ದೊಂದು ಹಸುವನ್ನು ಮಾರಿದ್ದರು.

ಇನ್ನೊಬ್ಬ, ಆಫ್ರಿಕಾದ ದೇಶವೊಂದರಿಂದ ಓದಲು ಬಂದ ವಿದ್ಯಾರ್ಥಿ. ಕೊಠಡಿಯಲ್ಲಿ ಒಟ್ಟಿಗಿದ್ದವನ ಚೀಲದಲ್ಲಿ ಮಾತ್ರೆಗಳು ಸಿಕ್ಕಿದ್ದಕ್ಕೆ ಇಬ್ಬರ ಬಂಧನವೂ ಆಯಿತು. ಜೈಲಿನಲ್ಲಿದ್ದಾಗ ಅವನ ವೀಸಾ ಅವಧಿ ಮುಗಿಯಿತು. ಜೈಲಿನೊಳಗಿರುವವನು ವೀಸಾ ನವೀಕರಿಸುವುದು ಹೇಗೆಂದು ಯಾರೂ ಅವನಿಗೆ ಹೇಳಿರಲಿಲ್ಲ. ಹೇಳಿದ್ದರೂ ಅದು ಆಗುವ ಕೆಲಸವಾಗಿರಲಿಲ್ಲ. ಮಾದಕ ವಸ್ತುವಿನ ಪ್ರಕರಣದಲ್ಲಿ ಖುಲಾಸೆಯಾದ ಮೇಲೆ, ಅವಧಿ ಮೀರಿ ದೇಶದಲ್ಲಿ ಉಳಿದ ಆರೋಪ ಅವನ ಮೇಲೆ ಬಂತು. ಒಂದು ಕಾನೂನು ಹಿಡಿದಿಟ್ಟಿದ್ದರಿಂದಲೇ ಅವನು ಇನ್ನೊಂದು ಕಾನೂನಿನ ಅಪರಾಧಿಯಾದ. ಆ ಸಂಜೆ ನ್ಯಾಯಾಲಯದ ಆವರಣದಲ್ಲಿ ಅವನು ಕೇಳಿದ ಪ್ರಶ್ನೆಗೆ ಉತ್ತರ ಹೇಳಲು ನನಗೆ ಬಾಯಿ ಬರಲಿಲ್ಲ. "ಸರ್, ನಾನು ಯಾವಾಗ ಮನೆಗೆ ಹೋಗಬಹುದಿತ್ತು?" ಎಂದು ಅವನು ಕೇಳಿದ್ದ.

ಈ ಎರಡು ಕಾನೂನುಗಳನ್ನು ಒಂದೇ ಪತ್ರದಲ್ಲಿ ತಂದಿರುವುದಕ್ಕೆ ಕಾರಣವಿದೆ. ನಮ್ಮ ಸಾಮಾನ್ಯ ದಂಡ ಕಾನೂನಿನಲ್ಲಿ ಆರೋಪ ಸಾಬೀತು ಮಾಡಬೇಕಾದದ್ದು ಸರ್ಕಾರ. ಇವೆರಡರಲ್ಲಿ ಆ ಹೊರೆಯ ಬಹುಪಾಲು ಆರೋಪಿಯ ಹೆಗಲಿಗೆ ದಾಟಿದೆ. ಎನ್‌ಡಿಪಿಎಸ್ ಕಾಯ್ದೆಯ 35 ಮತ್ತು 54ನೇ ಸೆಕ್ಷನ್‌ಗಳು ಅದನ್ನು ಮಾಡುತ್ತವೆ. ತಾನು ವಿದೇಶಿಯನಲ್ಲ ಎಂದು ತಾನೇ ತೋರಿಸಬೇಕೆಂದು 1946ರ ವಿದೇಶಿಯರ ಕಾಯ್ದೆಯ 9ನೇ ಸೆಕ್ಷನ್ ಹೇಳುತ್ತಿತ್ತು. 2025ರಲ್ಲಿ ಹೊಸ ಕಾಯ್ದೆ ಬಂದರೂ ಆ ತತ್ವ ಹಾಗೆಯೇ ಉಳಿಯಿತು. ಕೈಯಲ್ಲಿ ಒಂದಿಷ್ಟು ಆಧಾರವೂ ಇಲ್ಲದೆ ಯಾರನ್ನೋ ಹಿಡಿದು 'ನೀನು ವಿದೇಶಿ, ಅಲ್ಲವೆಂದು ಸಾಬೀತು ಮಾಡು' ಎನ್ನುವಂತಿಲ್ಲ ಎಂದು ಅಸ್ಸಾಂನ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟ್ 2024ರ ಜುಲೈನಲ್ಲಿ ಹೇಳಬೇಕಾಯಿತು. ಪ್ರಜೆಯೇ ಉತ್ತರ ಕೊಡಬೇಕೆಂದು ಕಾನೂನು ಹೇಳುವಾಗ, ಆ ಕಾನೂನನ್ನು ನಡೆಸುವ ಸಚಿವರಿಂದ ಉತ್ತರ ಪಡೆಯುವ ಜವಾಬ್ದಾರಿ ನಿಮ್ಮ ಮೇಲೆ ದುಪ್ಪಟ್ಟಾಗುತ್ತದೆ. ಈ ಪತ್ರದಲ್ಲಿ ನಾನು ಹೇಳಬೇಕಿರುವುದು ಇಷ್ಟೇ. ಮುಂದಿನದೆಲ್ಲ ಅದರ ವಿವರ.

ಪ್ರಶ್ನೆ ಕೇಳದಿದ್ದರೆ ಏನಾಗುತ್ತದೆ ಎಂಬುದಕ್ಕೆ ಎನ್‌ಡಿಪಿಎಸ್ ಕಾಯ್ದೆಯ ಇತಿಹಾಸದಲ್ಲೇ ಒಂದು ದೊಡ್ಡ ಉದಾಹರಣೆಯಿದೆ. ಮಾದಕ ವಸ್ತು ಸಾಗಾಟಕ್ಕೆ ಹಣ ಹೂಡುವವರನ್ನೂ ಅದರಲ್ಲಿ ತೊಡಗಿದವರಿಗೆ ಆಶ್ರಯ ಕೊಡುವವರನ್ನೂ ಶಿಕ್ಷಿಸುವುದು 27ಎ ಸೆಕ್ಷನ್. ಕನಿಷ್ಠ ಶಿಕ್ಷೆಯೇ 10 ವರ್ಷ. ಯಾವ ಕೃತ್ಯಗಳಿಗೆ ಹಣ ಹೂಡಿದರೆ ಅಪರಾಧ ಎಂಬುದಕ್ಕೆ ಆ ಸೆಕ್ಷನ್, ವ್ಯಾಖ್ಯಾನಗಳ ಅಧ್ಯಾಯದ ಒಂದು ಉಪಖಂಡವನ್ನು ಬೊಟ್ಟು ಮಾಡುತ್ತದೆ. 2014ರ ತಿದ್ದುಪಡಿಯಲ್ಲಿ ಹೊಸದೊಂದು ವ್ಯಾಖ್ಯಾನ ಸೇರಿಸಿದಾಗ ಹಳೆಯ ಉಪಖಂಡದ ಗುರುತಿನ ಅಕ್ಷರ ಬದಲಾಯಿತು. 27ಎ ಸೆಕ್ಷನ್‌ನಲ್ಲಿ ಹಳೆಯ ಅಕ್ಷರವೇ ಉಳಿಯಿತು. ಅಂದರೆ ಇಡೀ ಕಾಯ್ದೆಯ ಅತ್ಯಂತ ಕಠಿಣ ಸೆಕ್ಷನ್‌ಗಳಲ್ಲಿ ಒಂದಾದ ಅದು, 2014ರ ಮೇ 1ರಿಂದ ಆಚೆಗೆ 'ಅತ್ಯವಶ್ಯಕ ಮಾದಕ ಔಷಧ' ಎಂಬ, ತನಗೆ ಸಂಬಂಧವೇ ಇಲ್ಲದ ವ್ಯಾಖ್ಯಾನದತ್ತ ಬೊಟ್ಟು ಮಾಡಿ ನಿಂತಿತ್ತು. ಏಳು ವರ್ಷ! ಅಷ್ಟು ಕಾಲ ಪೊಲೀಸರು ಆ ಸೆಕ್ಷನ್ ಹಾಕಿದರು, ಜನ ಜೈಲಿಗೆ ಹೋದರು, ಜಾಮೀನು ಅರ್ಜಿಗಳು ವಜಾ ಆದವು. 2021ರಲ್ಲಿ ತ್ರಿಪುರಾ ಹೈಕೋರ್ಟ್ ಎತ್ತಿ ತೋರಿಸಿದ ಮೇಲೆ ಸರ್ಕಾರ ಎಚ್ಚೆತ್ತು ಸೆಪ್ಟೆಂಬರ್ 30ರಂದು ಸುಗ್ರೀವಾಜ್ಞೆ ತಂದಿತು. ಡಿಸೆಂಬರ್‌ನಲ್ಲಿ ಸಂಸತ್ತು ಅದನ್ನು ಕಾಯ್ದೆಯಾಗಿ ಒಪ್ಪಿತು, ಅದೂ 2014ರಿಂದಲೇ ಪೂರ್ವಾನ್ವಯವಾಗುವಂತೆ. ದಂಡ ಕಾನೂನನ್ನು ಹಿಂದಿನ ತಾರೀಖಿನಿಂದ ಸರಿಪಡಿಸುವುದು ಕೃತ್ಯ ನಡೆದಾಗ ಅಪರಾಧವಲ್ಲದ್ದಕ್ಕೆ ಶಿಕ್ಷೆ ಕೂಡದು ಎನ್ನುವ ಸಂವಿಧಾನದ 20ನೇ ವಿಧಿಗೆ ಹೊಂದುತ್ತದೆಯೇ ಎಂದು ಆಗ ಕೆಲವು ಸದಸ್ಯರು ಕೇಳಿದರು, ಅವರಿಗೆ ನನ್ನ ನಮಸ್ಕಾರ. ಆದರೆ ನನ್ನ ಪ್ರಶ್ನೆ ಇನ್ನೂ ಬಾಕಿ ಇದೆ. ಆ ಏಳು ವರ್ಷಗಳಲ್ಲಿ ಈ ಸೆಕ್ಷನ್ ಅಡಿ ಬಂಧಿತರಾದವರು ಎಷ್ಟು ಮಂದಿ? ಅವರಲ್ಲಿ ಶಿಕ್ಷೆಯಾದವರು ಎಷ್ಟು, ಇನ್ನೂ ವಿಚಾರಣೆ ಎದುರಿಸುತ್ತಿರುವವರು ಎಷ್ಟು? ಒಂದು ಅಕ್ಷರದ ತಪ್ಪಿಗೆ ಲೆಕ್ಕ ಕೊಡಬೇಕಾದವರು ಯಾರು?

ಈ ಪ್ರಶ್ನೆಯನ್ನು ಯಾವ ಸಚಿವರಿಗೆ ಕೇಳಬೇಕೆಂಬುದೂ ಸರಳವಲ್ಲ. ಎನ್‌ಡಿಪಿಎಸ್ ಕಾಯ್ದೆಯ ಆಡಳಿತ ಇರುವುದು ಹಣಕಾಸು ಸಚಿವಾಲಯದ ಕಂದಾಯ ಇಲಾಖೆಯಲ್ಲಿ. ಮಾದಕ ವಸ್ತು ನಿಯಂತ್ರಣ ಬ್ಯೂರೊ ಇರುವುದು ಗೃಹ ಸಚಿವಾಲಯದ ಅಡಿ. ವ್ಯಸನಿಗಳ ಚಿಕಿತ್ಸೆ ಮತ್ತು ಪುನರ್ವಸತಿ ಸಾಮಾಜಿಕ ನ್ಯಾಯ ಸಚಿವಾಲಯಕ್ಕೆ ಸೇರಿದ್ದು. ಔಷಧದ ಮಾತು ಬಂದರೆ ಆರೋಗ್ಯ ಸಚಿವಾಲಯ. ಶಿಕ್ಷೆ ಕಡಿಮೆ ಮಾಡುವ ಬಗ್ಗೆ ಕೇಳಿದರೆ ಒಬ್ಬರು, ಬಂಧನದ ಬಗ್ಗೆ ಕೇಳಿದರೆ ಇನ್ನೊಬ್ಬರು, ಬಂಧಿತ ವ್ಯಸನಿಗೆ ಚಿಕಿತ್ಸೆ ಸಿಕ್ಕಿತೇ ಎಂದು ಕೇಳಿದರೆ ಮೂರನೆಯವರು. ಪ್ರತಿಯೊಬ್ಬರೂ ತಮ್ಮ ಪಾಲಿನಷ್ಟಕ್ಕೆ ಸರಿಯಾದ ಉತ್ತರವನ್ನೇ ಕೊಡುತ್ತಾರೆ. ಇಡೀ ಉತ್ತರ ಮಾತ್ರ ಯಾರ ಬಳಿಯೂ ಇರುವುದಿಲ್ಲ. ಹಾಗಾಗಿ ಒಂದೇ ಪ್ರಶ್ನೆಯನ್ನು ಮೂರು ಭಾಗ ಮಾಡಿ ಮೂರೂ ಸಚಿವಾಲಯಗಳಿಗೆ ಕಳುಹಿಸಿ, ಉತ್ತರಗಳನ್ನು ಅಕ್ಕಪಕ್ಕ ಇಟ್ಟು ನೋಡಿ. ಅಂದ ಹಾಗೆ, ಹಣಕಾಸು ಸಚಿವೆ ನಿರ್ಮಲಾ ಸೀತಾರಾಮನ್ ಅವರು ಕರ್ನಾಟಕದಿಂದಲೇ ರಾಜ್ಯಸಭೆಗೆ ಹೋದವರು. ಈ ಕಾಯ್ದೆಯ ಬಗ್ಗೆ ಅವರನ್ನು ಕೇಳುವ ಹಕ್ಕು ಈ ರಾಜ್ಯಕ್ಕೆ ಒಂದು ತೂಕ ಹೆಚ್ಚೇ ಇದೆ.

ಚಿಕಿತ್ಸೆಯ ಮಾತು ಬಂತು, ಅಲ್ಲಿ ಸ್ವಲ್ಪ ನಿಲ್ಲುತ್ತೇನೆ. 1985ರ ಈ ಕಾಯ್ದೆ ಬರೀ ಶಿಕ್ಷೆಯ ಪುಸ್ತಕವಲ್ಲ. ಸ್ವಂತ ಸೇವನೆಯ ಅಥವಾ ಅಲ್ಪ ಪ್ರಮಾಣದ ಪ್ರಕರಣದಲ್ಲಿ ಸಿಕ್ಕಿಬಿದ್ದ ವ್ಯಸನಿ ತಾನಾಗಿಯೇ ಚಿಕಿತ್ಸೆಗೆ ಒಪ್ಪಿದರೆ ಅವನ ಮೇಲೆ ಮೊಕದ್ದಮೆ ನಡೆಸಬಾರದು ಎನ್ನುತ್ತದೆ 64ಎ ಸೆಕ್ಷನ್. ಶಿಕ್ಷೆ ವಿಧಿಸುವ ಬದಲು ಚಿಕಿತ್ಸೆಗೆ ಕಳುಹಿಸಲು ನ್ಯಾಯಾಲಯಕ್ಕೆ ಅಧಿಕಾರ ಕೊಡುತ್ತದೆ 39ನೇ ಸೆಕ್ಷನ್. ಎರಡೂ ಕಾನೂನಿನಲ್ಲಿವೆ, ಇಂದಿಗೂ ಜಾರಿಯಲ್ಲಿವೆ. ನನ್ನ ಅನುಭವದಲ್ಲಿ ಈ ಸೆಕ್ಷನ್‌ಗಳ ಹೆಸರನ್ನು ಬಂಧಿತನಿಗೆ ಠಾಣೆಯಲ್ಲಿ ಹೇಳಿದ್ದನ್ನು ನಾನು ನೋಡಿಲ್ಲ. ಅವನ ಮನೆಯವರಿಗೂ ಗೊತ್ತಿರುವುದಿಲ್ಲ. ಸಾಮಾಜಿಕ ನ್ಯಾಯ ಸಚಿವಾಲಯಕ್ಕಾಗಿ ದೆಹಲಿಯ ಏಮ್ಸ್ ನಡೆಸಿದ, 2019ರಲ್ಲಿ ಪ್ರಕಟವಾದ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ ಅಫೀಮು ವರ್ಗದ ವಸ್ತುಗಳನ್ನು ಬಳಸುವವರು ದೇಶದಲ್ಲಿ ಸುಮಾರು 2.26 ಕೋಟಿ. ಗಾಂಜಾ, ಚರಸ್, ಭಂಗಿ ಬಳಸುವವರು ಸುಮಾರು 3.1 ಕೋಟಿ. ಇಷ್ಟು ಜನರನ್ನು ಜೈಲಿನಲ್ಲಿಡಲು ಯಾವ ಸರ್ಕಾರಕ್ಕೂ ಸಾಧ್ಯವಿಲ್ಲ, ಯಾರೂ ಅದನ್ನು ಬಯಸುವುದೂ ಇಲ್ಲ. ಹಾಗಿದ್ದರೆ ಕೇಳಿ: ಕಳೆದ ಐದು ವರ್ಷಗಳಲ್ಲಿ 64ಎ ಅಡಿಯಲ್ಲಿ ಎಷ್ಟು ಮಂದಿಯ ಮೊಕದ್ದಮೆ ಕೈಬಿಡಲಾಯಿತು, ರಾಜ್ಯವಾರು, ವರ್ಷವಾರು? ಈ ಒಂದು ಪ್ರಶ್ನೆಗೆ ಪ್ರಾಮಾಣಿಕ ಉತ್ತರ ಬಂದರೆ, ನೂರು ಕಿಲೋ ಲೆಕ್ಕಗಳು ಹೇಳದ್ದನ್ನು ಅದು ಹೇಳೀತು.

ತೂಕದ ಬಗ್ಗೆಯೂ ಒಂದು ಮಾತು. 2020ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್ ಕೊಟ್ಟ ತೀರ್ಪಿನ ನಂತರ, ಮಾದಕ ವಸ್ತುವಿನ ಜೊತೆ ಬೆರೆಸಿದ ನಿರುಪದ್ರವಿ ಪುಡಿಯ ತೂಕವೂ ಲೆಕ್ಕಕ್ಕೆ ಬರುತ್ತದೆ. ಹೆರಾಯಿನ್‌ಗೆ 5 ಗ್ರಾಂ ಅಲ್ಪ ಪ್ರಮಾಣ, 250 ಗ್ರಾಂ ವಾಣಿಜ್ಯ ಪ್ರಮಾಣ. ಅಂದರೆ ಒಂದಿಷ್ಟೇ ಹೆರಾಯಿನ್ ಬೆರೆತ 250 ಗ್ರಾಂ ಗ್ಲೂಕೋಸ್ ಪುಡಿ ಇಟ್ಟುಕೊಂಡವನು, ಶುದ್ಧ ಹೆರಾಯಿನ್ ದಂಧೆಯವನು ನಿಲ್ಲುವ ಕಟಕಟೆಯಲ್ಲೇ ನಿಲ್ಲುತ್ತಾನೆ. ಬೀದಿಯಲ್ಲಿ ಮಾರುವ ಬಡ ವ್ಯಸನಿಯ ಬಳಿ ಸಿಗುವುದು ಯಾವಾಗಲೂ ಬೆರಕೆ ಮಾಲೇ. ಗಾಂಜಾದಲ್ಲಿ ಇನ್ನೊಂದು ಗೊಂದಲ. ಕಾಯ್ದೆಯ ವ್ಯಾಖ್ಯಾನದಲ್ಲಿ ಗಾಂಜಾ ಎಂದರೆ ಹೂವು ಅಥವಾ ಕಾಯಿ ಬಿಟ್ಟ ತುದಿ ಭಾಗ ಮಾತ್ರ. ತುದಿಯ ಜೊತೆ ಇಲ್ಲದ ಎಲೆ ಮತ್ತು ಬೀಜ ಅದರಲ್ಲಿ ಸೇರುವುದಿಲ್ಲ. ಆದರೆ ನಮ್ಮ ಕಡೆ ಹೊಲದ ಬದುವಿನಲ್ಲಿ ಗಿಡ ಸಿಕ್ಕಿದರೆ ಬೇರು, ಕಾಂಡ, ಎಲೆ, ಹಸಿ ಮಣ್ಣಿನ ಸಮೇತ ತೂಗಿ ಪಂಚನಾಮೆ ಬರೆದದ್ದನ್ನು ನಾನೇ ಪಾಟೀಸವಾಲಿನಲ್ಲಿ ಎಳೆದಿದ್ದೇನೆ. ತೂಗುವ ವಿಧಾನಕ್ಕೆ ಸ್ಪಷ್ಟ ಸೂಚನೆ ಇದೆಯೇ, ಇದ್ದರೆ ಪಾಲನೆಯಾಗುತ್ತಿದೆಯೇ? ಇದೂ ಸಚಿವರು ಉತ್ತರಿಸಬೇಕಾದ ವಿಷಯವೇ.

ದೊಡ್ಡ ದಂಧೆಯವರ ಮೇಲೆ ಮೃದುವಾಗಿ ಎಂದು ನಾನು ಕೇಳುತ್ತಿಲ್ಲ. 2021ರ ಸೆಪ್ಟೆಂಬರ್‌ನಲ್ಲಿ ಗುಜರಾತಿನ ಮುಂದ್ರಾ ಬಂದರಿನಲ್ಲಿ ಸುಮಾರು 3,000 ಕಿಲೋ ಹೆರಾಯಿನ್ ಸಿಕ್ಕಿತು. ಆ ಕಂಟೇನರ್‌ಗಳ ಹಿಂದಿನ ಹಣ ಯಾರದು, ಹಿಂದೆ ಅದೇ ದಾರಿಯಲ್ಲಿ ಎಷ್ಟು ಬಂದಿತ್ತು, ವಿಚಾರಣೆ ಎಲ್ಲಿಗೆ ಬಂದಿದೆ ಎಂದು ಪ್ರತಿ ಅಧಿವೇಶನದಲ್ಲೂ ಕೇಳಿ, ಉತ್ತರ ಬರುವವರೆಗೂ ಬಿಡಬೇಡಿ. ಆ ಕಂಟೇನರಿಗೂ ನನ್ನ ಕ್ಲೀನರ್ ಹುಡುಗನಿಗೂ ಒಂದೇ 37ನೇ ಸೆಕ್ಷನ್ ಅಡ್ಡ ಬರುತ್ತದೆ. ದಂಧೆಯವರಿಗೆ ಹಿರಿಯ ವಕೀಲರಿರುತ್ತಾರೆ. ಹುಡುಗನಿಗೆ ಇದ್ದದ್ದು ಅಂಕಪಟ್ಟಿ. ವಿಚಾರಣೆ ಎಳೆದು ಹೋದಾಗ 37ನೇ ಸೆಕ್ಷನ್ ಒಂದನ್ನೇ ಹಿಡಿದುಕೊಂಡು ಜಾಮೀನು ನಿರಾಕರಿಸಬಾರದು ಎಂದು ಸುಪ್ರೀಂ ಕೋರ್ಟ್ 2023ರ ಮಾರ್ಚ್‌ನಲ್ಲಿ ಹೇಳಿತು, ಏಳು ವರ್ಷಕ್ಕೂ ಹೆಚ್ಚು ಕಾಲ ಒಳಗಿದ್ದವರೊಬ್ಬರ ಅರ್ಜಿಯಲ್ಲಿ. 2022ರ ಕೊನೆಗೆ ದೇಶದ ಜೈಲುಗಳಲ್ಲಿದ್ದ 5,73,220 ಮಂದಿಯಲ್ಲಿ 4,34,302 ಮಂದಿ ವಿಚಾರಣಾಧೀನರೇ ಆಗಿದ್ದರು. ಅವರಲ್ಲಿ ಎನ್‌ಡಿಪಿಎಸ್ ಪ್ರಕರಣದವರು ಎಷ್ಟು, ಎರಡು ವರ್ಷ ದಾಟಿದವರು ಎಷ್ಟು, ಕೊನೆಗೆ ಖುಲಾಸೆಯಾದವರು ಎಷ್ಟು? ಮನುಷ್ಯರ ಲೆಕ್ಕ ಎಂದು ನಾನು ಹೇಳುತ್ತಿರುವುದು ಇದನ್ನೇ.

ಇನ್ನು ನೋವಿನ ಔಷಧದ ವಿಷಯ. ಇದು ನನ್ನ ಮನೆಯ ಮಾತು. ನನ್ನ ತಂದೆ ಕ್ಯಾನ್ಸರ್‌ನಿಂದ ತೀರಿಕೊಂಡರು. ಕೊನೆಯ ಎರಡು ತಿಂಗಳು ಅವರಿಗೆ ಬೇಕಿದ್ದದ್ದು ಅಫೀಮಿನಿಂದ ತಯಾರಾಗುವ ಮಾರ್ಫಿನ್ ಮಾತ್ರೆ. ಹತ್ತಿರದ ಯಾವ ಅಂಗಡಿಯಲ್ಲೂ ಅದು ಇರಲಿಲ್ಲ, ಆಸ್ಪತ್ರೆಯೊಂದರಲ್ಲಿ 'ಲೈಸೆನ್ಸ್ ತೊಂದರೆ' ಎಂದರು. ಔಷಧಕ್ಕಾಗಿ ಕಾನೂನುಬದ್ಧವಾಗಿ ಅಫೀಮು ಬೆಳೆಯುವ ದೇಶ ನಮ್ಮದು. ಮಧ್ಯಪ್ರದೇಶ, ರಾಜಸ್ಥಾನ, ಉತ್ತರ ಪ್ರದೇಶದ ರೈತರು ಸರ್ಕಾರದ ಪರವಾನಗಿ ಪಡೆದು ಬೆಳೆದು ಕೊಡುತ್ತಾರೆ. 1985ರ ಕಾಯ್ದೆಯ ಕಠಿಣ ನಿಯಮಗಳಿಂದಾಗಿ ಮಾರ್ಫಿನ್ ಆಸ್ಪತ್ರೆಗಳಿಂದಲೇ ಮಾಯವಾಗತೊಡಗಿತ್ತು. ಅದನ್ನು ಸರಿಪಡಿಸಲೆಂದೇ 2014ರ ತಿದ್ದುಪಡಿಯಲ್ಲಿ 'ಅತ್ಯವಶ್ಯಕ ಮಾದಕ ಔಷಧ' ಎಂಬ ವರ್ಗ ಸೃಷ್ಟಿಯಾಯಿತು, ಪದೇ ಪದೇ ಬೇರೆ ಬೇರೆ ಪರವಾನಗಿ ಬೇಡ ಎಂದಾಯಿತು. ಒಳ್ಳೆಯ ಕೆಲಸ. ಅದರ ಫಲ ಜಿಲ್ಲಾ ಆಸ್ಪತ್ರೆಗಳಿಗೆ ತಲುಪಿದೆಯೇ? ಇಂದು ಕರ್ನಾಟಕದ ಎಷ್ಟು ಜಿಲ್ಲಾ ಆಸ್ಪತ್ರೆಗಳಲ್ಲಿ ಬಾಯಿಂದ ತೆಗೆದುಕೊಳ್ಳುವ ಮಾರ್ಫಿನ್ ಸಿಗುತ್ತದೆ? ನಿಮ್ಮಲ್ಲಿ ಯಾರಾದರೊಬ್ಬರು ಇದನ್ನು ಕೇಳಿದರೆ, ನನ್ನ ತಂದೆಯಂತೆ ಹಲ್ಲು ಕಚ್ಚಿಕೊಂಡು ಮಲಗಿರುವ ಯಾರಿಗೋ ನೀವು ಉಪಕಾರ ಮಾಡಿದಂತೆ.

ವಲಸೆಯ ವಿಷಯಕ್ಕೆ ಬಂದರೆ ಅಲ್ಲಿ ಲೆಕ್ಕವೇ ಅಲುಗಾಡುತ್ತದೆ. ದೇಶದಲ್ಲಿ ಬಾಂಗ್ಲಾದೇಶದ ಅಕ್ರಮ ವಲಸಿಗರು ಸುಮಾರು 1.2 ಕೋಟಿ ಎಂದು 2004ರಲ್ಲಿ ಗೃಹ ಖಾತೆಯ ರಾಜ್ಯ ಸಚಿವರು ಸಂಸತ್ತಿಗೆ ಹೇಳಿದರು. ಕೆಲವೇ ದಿನಗಳಲ್ಲಿ, ಆ ಅಂಕಿ ನಂಬಲರ್ಹವಲ್ಲ ಎಂದು ಅವರೇ ಹೇಳಬೇಕಾಯಿತು. 2016ರಲ್ಲಿ ಇನ್ನೊಂದು ಸರ್ಕಾರದ ರಾಜ್ಯ ಸಚಿವರು ಸುಮಾರು 2 ಕೋಟಿ ಎಂದರು. 2023ರ ಡಿಸೆಂಬರ್‌ನಲ್ಲಿ ಕೇಂದ್ರ ಸರ್ಕಾರವೇ ಸುಪ್ರೀಂ ಕೋರ್ಟ್‌ಗೆ ಪ್ರಮಾಣಪತ್ರ ಸಲ್ಲಿಸಿ, ಕದ್ದುಮುಚ್ಚಿ ಬರುವವರ ನಿಖರ ಲೆಕ್ಕ ಸಂಗ್ರಹಿಸುವುದು ಸಾಧ್ಯವಿಲ್ಲ ಎಂದಿತು. ಈ ಮೂರು ಉತ್ತರಗಳು ಒಂದೇ ಪಕ್ಷದ ಸರ್ಕಾರದವಲ್ಲ, ಆದ್ದರಿಂದ ಇದನ್ನು ಪಕ್ಷದ ಜಗಳವಾಗಿ ನೋಡಬೇಡಿ. ಸದನದಲ್ಲಿ ಹೇಳಿದ ಕೋಟಿಯ ಅಂಕಿ ಸದನದಲ್ಲೇ ಉಳಿಯುವುದಿಲ್ಲ, ಅದು ಬೀದಿಗೆ ಇಳಿಯುತ್ತದೆ. 2020ರ ಜನವರಿಯಲ್ಲಿ ಬೆಂಗಳೂರಿನ ಕರಿಯಮ್ಮನ ಅಗ್ರಹಾರದಲ್ಲಿ ಕೂಲಿಕಾರರ ಶೆಡ್‌ಗಳನ್ನು ಬಾಂಗ್ಲಾದೇಶಿಗಳ ವಸತಿ ಎಂಬ ಹೆಸರಿನಲ್ಲಿ ಕೆಡವಲಾಯಿತು. ಅಲ್ಲಿದ್ದವರಲ್ಲಿ ಅಸ್ಸಾಂ, ತ್ರಿಪುರಾದವರಿದ್ದರು, ನಮ್ಮದೇ ಉತ್ತರ ಕರ್ನಾಟಕದಿಂದ ಕೂಲಿಗೆ ಬಂದವರೂ ಇದ್ದರು. ಕನ್ನಡ ಮಾತನಾಡುವ ಹೆಂಗಸು ತನ್ನ ಮತದಾರರ ಗುರುತಿನ ಚೀಟಿ ಹಿಡಿದು ತಾನು ಈ ನೆಲದವಳೆಂದು ಹೇಳಬೇಕಾದ ಸ್ಥಿತಿ! ಹೈಕೋರ್ಟ್ ಮಧ್ಯೆ ಬಂದು ತಡೆಯಬೇಕಾಯಿತು.

ಕಳೆದ ವರ್ಷದ ಹೊಸ ಕಾಯ್ದೆಯನ್ನೇ ನೋಡಿ. ವಲಸೆ ಮತ್ತು ವಿದೇಶಿಯರ ಕಾಯ್ದೆ, 2025. ಮಾರ್ಚ್ 27ರಂದು ಲೋಕಸಭೆ ಒಪ್ಪಿತು, ಏಪ್ರಿಲ್ 2ರಂದು ರಾಜ್ಯಸಭೆ ಒಪ್ಪಿತು, ಸೆಪ್ಟೆಂಬರ್ 1ರಿಂದ ಜಾರಿಗೆ ಬಂತು. 1920, 1939, 1946 ಮತ್ತು 2000ನೇ ಇಸವಿಯ ನಾಲ್ಕು ಕಾಯ್ದೆಗಳ ಜಾಗದಲ್ಲಿ ಒಂದೇ ಕಾಯ್ದೆ. ಬ್ರಿಟಿಷರ ಕಾಲದ ಕಾನೂನುಗಳನ್ನು ಒಂದುಗೂಡಿಸುವುದು ಅಗತ್ಯವೇ ಇತ್ತು, ಗಡಿ ಕಾಯುವುದು ಸರ್ಕಾರದ ಹಕ್ಕು ಎಂಬುದರಲ್ಲೂ ನನಗೆ ಅನುಮಾನವಿಲ್ಲ. ಆದರೆ ಪಾಸ್‌ಪೋರ್ಟ್ ಅಥವಾ ವೀಸಾ ಇಲ್ಲದೆ ಬಂದವನಿಗೆ 5 ವರ್ಷದವರೆಗೆ ಜೈಲು, 5 ಲಕ್ಷ ರೂಪಾಯಿವರೆಗೆ ದಂಡ, ವೀಸಾ ಅವಧಿ ಮೀರಿದವನಿಗೆ 3 ವರ್ಷದವರೆಗೆ ಜೈಲು, 3 ಲಕ್ಷದವರೆಗೆ ದಂಡ ವಿಧಿಸಬಹುದಾದ ಕಾನೂನನ್ನು ಯಾವ ಸಂಸದೀಯ ಸಮಿತಿಗೂ ಒಪ್ಪಿಸದೆ ಒಂದೇ ವಾರದೊಳಗೆ ಎರಡೂ ಸದನಗಳು ದಾಟಿಸಿದವು. ಇಡೀ ಕಾಯ್ದೆಯಲ್ಲಿ 'ನಿರಾಶ್ರಿತ' ಎಂಬವನಿಗೆ ಜಾಗವಿಲ್ಲ. 1951ರ ನಿರಾಶ್ರಿತರ ಒಪ್ಪಂದಕ್ಕೆ ಭಾರತ ಸಹಿ ಹಾಕಿಲ್ಲ, ನಮ್ಮದೇ ಆದ ನಿರಾಶ್ರಿತರ ಕಾನೂನೂ ಇಲ್ಲ.

ಇದ್ದದ್ದು ಸರ್ಕಾರದ ವಿವೇಚನೆ ಮಾತ್ರ. ಆ ವಿವೇಚನೆ ಎಷ್ಟು ದೊಡ್ಡ ಮನಸ್ಸಿನದಾಗಿರಬಲ್ಲದು ಎಂಬುದಕ್ಕೆ ನಮ್ಮ ರಾಜ್ಯವೇ ಸಾಕ್ಷಿ. 1960ರ ದಶಕದಲ್ಲಿ ಅಂದಿನ ಮೈಸೂರು ರಾಜ್ಯ ಟಿಬೆಟಿನವರಿಗೆ ಬೈಲಕುಪ್ಪೆಯಲ್ಲಿ, ಮುಂಡಗೋಡಿನಲ್ಲಿ ಭೂಮಿ ಕೊಟ್ಟಿತು. ಕಾಡು ಕಡಿದು ಜೋಳ ಬಿತ್ತಿದ ಆ ಜನರ ಮೊಮ್ಮಕ್ಕಳು ಇಂದು ಕನ್ನಡದಲ್ಲಿ ಚೌಕಾಸಿ ಮಾಡುತ್ತಾರೆ. ಹೊಸ ಕಾಯ್ದೆ ಜಾರಿಯಾದ ಹೊತ್ತಿಗೇ ಗೃಹ ಸಚಿವಾಲಯ ಒಂದು ವಿನಾಯಿತಿ ಆದೇಶ ಹೊರಡಿಸಿತು. ನೋಂದಾಯಿತ ಟಿಬೆಟಿನವರು, 2015ರ ಜನವರಿ 9ರವರೆಗೆ ಬಂದು ನೋಂದಾಯಿಸಿಕೊಂಡ ಶ್ರೀಲಂಕಾ ತಮಿಳರು, ಅಫ್ಗಾನಿಸ್ತಾನ, ಬಾಂಗ್ಲಾದೇಶ, ಪಾಕಿಸ್ತಾನಗಳಿಂದ 2024ರ ಡಿಸೆಂಬರ್ 31ರವರೆಗೆ ಬಂದ ಅಲ್ಲಿನ ಅಲ್ಪಸಂಖ್ಯಾತರು ಅದರಲ್ಲಿದ್ದಾರೆ. ಇವರಿಗೆ ರಕ್ಷಣೆ ಸಿಕ್ಕಿದ್ದು ನೆಮ್ಮದಿಯ ವಿಷಯ. ಆದರೆ ಯಾರು ಒಳಗೆ, ಯಾರು ಹೊರಗೆ ಎಂಬ ಇಷ್ಟು ದೊಡ್ಡ ತೀರ್ಮಾನ ಕಾಯ್ದೆಯಲ್ಲಿ ಬರದೆ ಆದೇಶದಲ್ಲಿ ಬಂತು. ಆದೇಶದಲ್ಲಿ ಬಂದದ್ದು ಇನ್ನೊಂದು ಆದೇಶದಲ್ಲಿ ಹೋಗಬಹುದು. ಪಟ್ಟಿಯಲ್ಲಿರುವವರನ್ನು ಆರಿಸಿದ ಮಾನದಂಡವೇನು, ಪಟ್ಟಿಯಲ್ಲಿಲ್ಲದವರು ಜೀವಭಯದಿಂದ ಓಡಿ ಬಂದರೆ ಅವರ ಅರ್ಜಿ ಕೇಳುವ ಅಧಿಕಾರಿ ಯಾರು? ಗೃಹ ಸಚಿವರನ್ನು ಕೇಳಿ.

ಈಗ ಎರಡು ಕಾನೂನುಗಳೂ ಕೂಡುವ ಜಾಗಕ್ಕೆ ಬರುತ್ತೇನೆ, ನನ್ನ ಆ ವಿದ್ಯಾರ್ಥಿ ನಿಂತಿದ್ದ ಜಾಗಕ್ಕೆ. ಎನ್‌ಡಿಪಿಎಸ್ ವಿಚಾರಣಾಧೀನರ ಬಗ್ಗೆ ಸುಪ್ರೀಂ ಕೋರ್ಟ್ 1994ರಲ್ಲಿ ಕೊಟ್ಟ ತೀರ್ಪಿನಲ್ಲಿ, ಆರೋಪಿ ವಿದೇಶಿಯನಾಗಿದ್ದರೆ ಅವನು ದೇಶ ಬಿಡುವುದಿಲ್ಲ ಎಂದು ಅವನ ರಾಯಭಾರ ಕಚೇರಿ ಭರವಸೆ ಪತ್ರ ಕೊಡಬೇಕೆಂಬ ಷರತ್ತಿತ್ತು. ಮೂವತ್ತು ವರ್ಷ ಅದನ್ನೇ ಹಿಡಿದುಕೊಂಡು ಬಂದೆವು. ಹಲವು ರಾಯಭಾರ ಕಚೇರಿಗಳು ನಮ್ಮ ಪತ್ರಗಳಿಗೆ ಉತ್ತರವನ್ನೇ ಬರೆಯುವುದಿಲ್ಲ. ಕೊನೆಗೆ 2024ರ ಜುಲೈನಲ್ಲಿ, ನೈಜೀರಿಯಾದ ಪ್ರಜೆಯೊಬ್ಬರ ಪ್ರಕರಣದಲ್ಲಿ, ರಾಯಭಾರ ಕಚೇರಿ ಪತ್ರ ಕೊಡದಿದ್ದರೆ ಅದು ಆರೋಪಿಯ ಕೈಯಲ್ಲಿಲ್ಲದ ವಿಷಯ, ಅದಕ್ಕಾಗಿ ಜಾಮೀನು ತಪ್ಪಬಾರದು ಎಂದು ಸುಪ್ರೀಂ ಕೋರ್ಟ್ ಹೇಳಿತು. ಆರೋಪಿ ಎಲ್ಲಿದ್ದಾನೆಂದು ಮೊಬೈಲ್ ನಕ್ಷೆಯಲ್ಲಿ ಸದಾ ಪೊಲೀಸರಿಗೆ ತೋರಿಸುತ್ತಿರಬೇಕೆಂಬ ಷರತ್ತನ್ನೂ ಖಾಸಗಿತನಕ್ಕೆ ವಿರುದ್ಧವೆಂದು ತೆಗೆದುಹಾಕಿತು. ಜಾಮೀನು ಸಿಕ್ಕ ಮೇಲೆ? ಪ್ರಕರಣ ಮುಗಿಯುವವರೆಗೆ ದೇಶ ಬಿಡುವಂತಿಲ್ಲ. ವೀಸಾ ಇಲ್ಲದ್ದರಿಂದ ಕೆಲಸ ಮಾಡುವಂತಿಲ್ಲ, ಮನೆ ಬಾಡಿಗೆಗೆ ಸಿಗುವುದಿಲ್ಲ. ಊಟ ಮಾಡುವುದು ಹೇಗೆಂದು ಕಾನೂನು ಹೇಳುವುದಿಲ್ಲ. ಕೆಲವರು ನೆಲಮಂಗಲದ ಬಳಿಯ ಸೊಂಡೆಕೊಪ್ಪದ ವಿದೇಶಿಯರ ಬಂಧನ ಕೇಂದ್ರಕ್ಕೆ ಹೋಗುತ್ತಾರೆ. ಖುಲಾಸೆಯಾದ ಅಥವಾ ಶಿಕ್ಷೆ ಮುಗಿಸಿದ ಎಷ್ಟು ವಿದೇಶಿಯರು ದೇಶಾದ್ಯಂತ ಇಂಥ ಕೇಂದ್ರಗಳಲ್ಲಿದ್ದಾರೆ, ಸರಾಸರಿ ಎಷ್ಟು ತಿಂಗಳಿಂದ, ಅವರನ್ನು ಸ್ವದೇಶಕ್ಕೆ ಕಳುಹಿಸಲು ತಡೆಯಾಗಿರುವುದು ಯಾವುದು? ವಿಚಾರಣೆ ಎದುರಿಸುತ್ತಿರುವ ವಿದೇಶಿಯರಿಗೆ ಆ ಅವಧಿಗಷ್ಟೇ ಸಲ್ಲುವ ವೀಸಾ ಕೊಡುವ ಆಲೋಚನೆ ಗೃಹ ಸಚಿವಾಲಯಕ್ಕೆ ಇದೆಯೇ? ಈ ಕೊನೆಯ ಪ್ರಶ್ನೆ ಕೇಳಿದರೆ ಯಾವ ಪಕ್ಷಕ್ಕೂ ಮತ ಬರುವುದಿಲ್ಲ ಎಂಬುದು ನನಗೆ ಗೊತ್ತು. ಮತ ಬಾರದ ಪ್ರಶ್ನೆಗಳನ್ನು ಕೇಳಲು ನಿಮಗಲ್ಲದೆ ಬೇರೆ ಯಾರಿಗೂ ಅವಕಾಶವಿಲ್ಲ ಎಂದೇ ಬರೆಯುತ್ತಿದ್ದೇನೆ.

ಸದನದಲ್ಲಿ ಮಾದಕ ವಸ್ತುವಿನ ಮಾತೂ ವಿದೇಶಿಯರ ಮಾತೂ ಒಂದೇ ಉಸಿರಿನಲ್ಲಿ ಬರುವುದು ನನ್ನನ್ನು ಹೆದರಿಸುತ್ತದೆ. 2016ರ ಜನವರಿ ಕೊನೆಯಲ್ಲಿ ಬೆಂಗಳೂರಿನ ಹೆಸರಘಟ್ಟ ರಸ್ತೆಯಲ್ಲಿ, ಬೇರೊಬ್ಬ ಆಫ್ರಿಕನ್ ಮಾಡಿದ ಅಪಘಾತದ ಸಿಟ್ಟಿಗೆ, ಸಂಬಂಧವೇ ಇಲ್ಲದ ತಾಂಜಾನಿಯಾದ ವಿದ್ಯಾರ್ಥಿನಿಯ ಮೇಲೆ ಗುಂಪು ಹಲ್ಲೆ ಮಾಡಿತು. ಅಂದು ತಲೆ ತಗ್ಗಿಸಿದವರಲ್ಲಿ ನಾನೂ ಒಬ್ಬ. 'ಅವರೆಲ್ಲ ಹಾಗೆಯೇ' ಎಂಬ ಮಾತು ಮೊದಲು ಬಾಯಲ್ಲಿ ಹುಟ್ಟಿ ಆಮೇಲೆ ಕೈಗೆ ಬರುತ್ತದೆ. ಹಾಗಾಗಿ ಪ್ರಶ್ನೆ ಬರೆಯುವಾಗ ಇವೆರಡನ್ನೂ ಕಲಸಬೇಡಿ. ಮಾದಕ ವಸ್ತು ಪ್ರಕರಣಗಳಲ್ಲಿ ವಿದೇಶಿಯರ ಸಂಖ್ಯೆ ಕೇಳುವುದಾದರೆ, ಒಟ್ಟು ಬಂಧಿತರಲ್ಲಿ ಅವರ ಪಾಲೆಷ್ಟು, ಅವರಲ್ಲಿ ಶಿಕ್ಷೆಯಾದವರೆಷ್ಟು ಎಂಬುದನ್ನೂ ಅದೇ ಪ್ರಶ್ನೆಯಲ್ಲಿ ಸೇರಿಸಿ.

ಕೇಳುವ ಕಲೆಯನ್ನು ನಿಮಗೆ ಹೇಳಿಕೊಡುವಷ್ಟು ದೊಡ್ಡವನು ನಾನಲ್ಲ. ಆದರೂ ಪಾಟೀಸವಾಲು ಮಾಡಿ ಬದುಕುವವನಾದ್ದರಿಂದ ಒಂದೆರಡು ಮಾತು ಹೇಳುತ್ತೇನೆ. ಲಿಖಿತ ಉತ್ತರಕ್ಕೆ ತೃಪ್ತರಾಗಬೇಡಿ, ಸಚಿವರೇ ಎದ್ದು ಉತ್ತರಿಸಬೇಕಾದ ಚುಕ್ಕೆ ಗುರುತಿನ ಪ್ರಶ್ನೆಗೆ ಪ್ರಯತ್ನಿಸಿ. ಲೋಕಸಭೆಯಲ್ಲಿ ದಿನಕ್ಕೆ ಅಂಥ 20 ಪ್ರಶ್ನೆಗಳು ಪಟ್ಟಿಯಲ್ಲಿದ್ದರೂ ಸದನದಲ್ಲಿ ಬಾಯಿಮಾತಿನ ಉತ್ತರ ಸಿಗುವುದು ಐದಾರಕ್ಕಷ್ಟೇ. ಆದರೆ ಸಿಕ್ಕಾಗ ಉಪಪ್ರಶ್ನೆ ಕೇಳುವ ಅವಕಾಶವಿರುತ್ತದೆ. ಬರೆದು ತಂದ ಉತ್ತರವನ್ನು ದಾಟಿ ಸಚಿವರು ಮಾತನಾಡಬೇಕಾದ ಕ್ಷಣ ಅದೊಂದೇ. ಈ ದೇಶದಲ್ಲಿ ಶಾಸನಸಭೆಯ ಸದಸ್ಯರಿಗೆ ಪ್ರಶ್ನೆ ಕೇಳುವ ಹಕ್ಕು ಬಂದದ್ದು 1892ರಲ್ಲಿ. ಉಪಪ್ರಶ್ನೆಯ ಹಕ್ಕು ಪಡೆಯಲು 1909ರವರೆಗೆ ಕಾಯಬೇಕಾಯಿತು. ಬ್ರಿಟಿಷರು ಅದನ್ನು ಅಷ್ಟು ವರ್ಷ ತಡೆದಿಟ್ಟದ್ದೇಕೆ ಎಂದು ಯೋಚಿಸಿದರೆ ಅದರ ಬೆಲೆ ತಿಳಿಯುತ್ತದೆ. 1957ರಲ್ಲಿ ಫಿರೋಜ್ ಗಾಂಧಿಯವರು ತಮ್ಮದೇ ಪಕ್ಷದ ಸರ್ಕಾರವನ್ನು ಜೀವ ವಿಮಾ ನಿಗಮದ ಹೂಡಿಕೆಯ ಬಗ್ಗೆ ಲೋಕಸಭೆಯಲ್ಲಿ ಪ್ರಶ್ನಿಸಿದರು. ಮರುವರ್ಷ ಹಣಕಾಸು ಸಚಿವ ಟಿ.ಟಿ. ಕೃಷ್ಣಮಾಚಾರಿ ರಾಜೀನಾಮೆ ಕೊಟ್ಟರು. ಆಡಳಿತ ಪಕ್ಷದಲ್ಲಿದ್ದೇವೆ, ಹೇಗೆ ಕೇಳುವುದು ಎನ್ನುವ ನಿಮ್ಮಲ್ಲಿ ಕೆಲವರಿಗೆ ಇದನ್ನು ನೆನಪಿಸುತ್ತಿದ್ದೇನೆ. 2020ರ ಸೆಪ್ಟೆಂಬರ್ ಅಧಿವೇಶನದಲ್ಲಿ ಪ್ರಶ್ನೋತ್ತರ ವೇಳೆಯನ್ನೇ ಕೈಬಿಟ್ಟಾಗ ನಮ್ಮಂಥವರಿಗೆ ಏನನ್ನೋ ಕಳೆದುಕೊಂಡ ಭಾವ ಕಾಡಿತ್ತು.

'ಮಾಹಿತಿ ಸಂಗ್ರಹಿಸಲಾಗುತ್ತಿದೆ, ಸದನದಲ್ಲಿ ಮಂಡಿಸಲಾಗುವುದು' ಎಂಬ ಉತ್ತರ ಬಂದರೆ ಅದನ್ನು ಮರೆಯಬೇಡಿ. ಅದು ಸದನಕ್ಕೆ ಕೊಟ್ಟ ಭರವಸೆ, ಮೂರು ತಿಂಗಳಲ್ಲಿ ಈಡೇರಬೇಕಾದದ್ದು. ಅದನ್ನು ಬೆನ್ನಟ್ಟಲೆಂದೇ 1953ರಿಂದ ಲೋಕಸಭೆಯಲ್ಲಿ ಸರ್ಕಾರಿ ಭರವಸೆಗಳ ಸಮಿತಿ ಇದೆ. 'ರಾಜ್ಯದ ವಿಷಯ' ಎಂದರೆ, ಕಾಯ್ದೆ ಕೇಂದ್ರದ್ದೇ ಅಲ್ಲವೇ ಎಂದು ಉಪಪ್ರಶ್ನೆ ಹಾಕಿ. ವಿದೇಶಿಯರ ವಿಷಯವಂತೂ ಕೇಂದ್ರ-ರಾಜ್ಯಗಳ ಅಧಿಕಾರ ಹಂಚುವ ಸಂವಿಧಾನದ ಏಳನೇ ಅನುಸೂಚಿಯ ಪ್ರಕಾರ ಪೂರ್ತಿ ಕೇಂದ್ರದ್ದೇ.

ಪ್ರಶ್ನೆಗೆ 15 ದಿನ ಮುಂಚೆ ನೋಟಿಸ್ ಕೊಡಬೇಕು, 150 ಪದ ಮೀರಬಾರದು ಎಂಬ ನಿಯಮಗಳು ನನಗೆ ಗೊತ್ತು. ಈ ಪತ್ರದಲ್ಲಿರುವ ಪ್ರಶ್ನೆಗಳನ್ನು ಸಚಿವಾಲಯವಾರು ವಿಂಗಡಿಸಿ, ಆ ಮಿತಿಯೊಳಗೇ ಕನ್ನಡದಲ್ಲೂ ಇಂಗ್ಲಿಷಿನಲ್ಲೂ ಬರೆದಿಟ್ಟಿದ್ದೇನೆ. ನಿಮ್ಮ 40 ಕಚೇರಿಗಳಿಗೂ ನೋಂದಾಯಿತ ಅಂಚೆಯಲ್ಲಿ ಕಳುಹಿಸುತ್ತಿದ್ದೇನೆ. ಬೇಕಾದಂತೆ ತಿದ್ದಿಕೊಳ್ಳಿ, ನಿಮ್ಮದೇ ಪ್ರಶ್ನೆಯಾಗಿ ಕೇಳಿ, ನನ್ನ ಹೆಸರು ಎಲ್ಲಿಯೂ ಬೇಡ. ಯಾರಿಗಾದರೂ ಉತ್ತರ ಬಂದರೆ ಅದರ ಒಂದು ಪ್ರತಿ ಕಳುಹಿಸಿಕೊಡಿ. ಆ ತಾಯಿ ಈಗಲೂ ಸಂತೆಗೆ ಬಂದಾಗ ನನ್ನ ಕಚೇರಿಗೆ ಬಂದು ಹೋಗುತ್ತಾರೆ. ಅವರಿಗೆ ಅದನ್ನು ಓದಿ ಹೇಳಬೇಕಾಗಿದೆ.

ಇಂತಿ ನಿಮ್ಮ ವಿಶ್ವಾಸಿ,
ಒಬ್ಬ ಜಿಲ್ಲಾ ನ್ಯಾಯಾಲಯದ ವಕೀಲ